ಬಲಗೈ ಪಳೆಯುಳಿಕೆಯಾದ ಮಧ್ಯಾಹ್ನ

ಎಣ್ಣೆ ತಿಂದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಆ ದಿನ ತಪ್ಪು ಯಾರದು ಎಂದು ಕೇಳಿದವರಿಗೆಲ್ಲ ನಾನು ಬೋರಿನ ನೀರನ್ನು ತೋರಿಸಿದೆ, ಬಿಸಿಲನ್ನು ತೋರಿಸಿದೆ, ಪ್ಲಾಸ್ಟರ್ ಪುಡಿ ಮಾರಿದ ಅಂಗಡಿಯವನನ್ನೂ ಬಿಡಲಿಲ್ಲ. ಕುಸುಬಿ ಎಣ್ಣೆಯ ಬಾಟಲಿಯ ಸುದ್ದಿ ಮಾತ್ರ ಎತ್ತಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಏನನ್ನು ಅದ್ದುವುದಿದ್ದರೂ ಮೊದಲು ಅದಕ್ಕೆ ಎಣ್ಣೆ ಸವರಬೇಕು. ಇಲ್ಲದಿದ್ದರೆ ಗಟ್ಟಿಯಾದ ಮೇಲೆ ಪ್ಲಾಸ್ಟರ್ ಬಿಟ್ಟುಕೊಡುವುದಿಲ್ಲ. ಅದಕ್ಕೆಂದೇ ನನ್ನ ಚೀಲದಲ್ಲಿ ಒಂದು ಸಣ್ಣ ಬಾಟಲಿ ಇರುತ್ತಿತ್ತು. ಹಿಂದಿನ ಸಂಜೆ ಗಂಗಾವತಿಯ ನನ್ನ ಖೋಲಿಯಲ್ಲಿ ಮಂಡಕ್ಕಿ, ಉಳ್ಳಾಗಡ್ಡಿ, ಪುಟಾಣಿ ಹಿಟ್ಟು ಎಲ್ಲ ಸಿದ್ಧವಾಗಿತ್ತು, ಎಣ್ಣೆಯೊಂದೇ ಇರಲಿಲ್ಲ. ವಿಜ್ಞಾನದ ಎಣ್ಣೆ ಹೊಟ್ಟೆಗೆ ಹೋಯಿತು. ರುಚಿ ಛಲೋ ಇತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಶಾಲೆಗಳಿಗೆ ಹೋಗಿ ವಿಜ್ಞಾನದ ಪಾಠಗಳನ್ನು ಆಡಿ ತೋರಿಸುವುದು ನನ್ನ ಕೆಲಸ. ಕೊಪ್ಪಳ ಬಸ್‌ಸ್ಟ್ಯಾಂಡಿನ ಕಂಡಕ್ಟರ್, ಕಾರಟಗಿಯ ರೈಸ್‌ಮಿಲ್ಲು ಸುರುವಾಗುವ ಸದ್ದು, ಕೆಮ್ಮಿ ಕೆಮ್ಮಿ ಸಹಿ ಹಾಕುವ ಸಾಹೇಬರು, ಎಲ್ಲರ ಧ್ವನಿಯನ್ನೂ ಮಾಡುತ್ತೇನೆ. ನನ್ನದನ್ನೂ ಮಾಡುತ್ತೇನೆ: ತಗಡಿನ ಮೇಲೆ ಬೆಕ್ಕು ಜಾರಿದಂತೆ. ಆ ದಿನ ಎದುರಿಗೆ ಕೂತವರು ಮಕ್ಕಳಲ್ಲ, ಮಾಸ್ತರರು. ಕುಷ್ಟಗಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸುತ್ತಲಿನ ತಾಲೂಕುಗಳ ವಿಜ್ಞಾನ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ವಿಷಯ ಡೈನೋಸಾರ್ ಮತ್ತು ಪಳೆಯುಳಿಕೆ. ಮಾಸ್ತರರನ್ನು ಬೆಂಚಿನ ಮೇಲೆ ಕೂರಿಸಿದರೆ ಅವರು ಮಕ್ಕಳಿಗಿಂತ ಕಡೆ. ಹಿಂದಿನ ಸಾಲಿನವರು ಆಗಲೇ ತೂಕಡಿಸುತ್ತಿದ್ದರು, ಇಬ್ಬರು ಡೆಸ್ಕಿನ ಕೆಳಗೆ ಮೊಬೈಲ್ ನೋಡುತ್ತಿದ್ದರು. ಮುಂದಿನ ಬೆಂಚಿನಲ್ಲಿ ಕಾರಟಗಿಯ ಹಿರಿಯ ಶಿಕ್ಷಕಿ ಒಬ್ಬರು ನೋಟುಬುಕ್ ತೆರೆದು, ಪೆನ್ನಿನ ಮುಚ್ಚಳ ತೆಗೆಯದೆ ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ಅವರನ್ನು ಅಕ್ಕೋರ ಎಂದೇ ಕರೆಯುತ್ತಿದ್ದರು.

ಹೊರಗೆ ಅಡುಗೆ ಕೋಣೆಯ ಹಿಂದಿನಿಂದ ಟಕ್, ಟಕ್, ಟಕ್ ಎಂಬ ಸದ್ದು ಬೆಳಗಿನಿಂದ ಬರುತ್ತಿತ್ತು. ಸವೆದು ನುಣ್ಣಗಾದ ಬೀಸುಕಲ್ಲು, ಒರಳುಗಳಿಗೆ ಮತ್ತೆ ಹಲ್ಲು ಮೂಡಿಸುವ ಹೆಂಗಸು ಊರಿಗೆ ಬಂದಿದ್ದಳು. ಬಿಸಿಯೂಟದ ಅಡುಗೆಯವರು ಶಾಲೆಯ ಒರಳನ್ನೂ ಅವಳ ಮುಂದಿಟ್ಟಿದ್ದರು. ನಾನು ಸುಮ್ಮನಿರುವವನೇ? ಅದೇ ತಾಳಕ್ಕೆ ನಾಲಿಗೆಯಲ್ಲಿ ಟಕ್ ಟಕ್ ಮಾಡಿ, "ಹಿತ್ತಲದಾಗ ಯಾರೋ ಡೈನೋಸಾರ್ ತತ್ತಿ ಒಡ್ಯಾಕತ್ಯಾರ ನೋಡ್ರಿ" ಎಂದೆ. ತೂಕಡಿಸುತ್ತಿದ್ದವರು ಎದ್ದರು. ಅಕ್ಕೋರು ನಗಲಿಲ್ಲ.

"ತತ್ತಿ ಇರ್ಲಿ. ನಮ್ಮ ಹೇಮಗುಡ್ಡ ಅಗದ್ರ ಡೈನೋಸಾರ್ ಸಿಗತೈತೇನು?" ಎಂದು ಕೇಳಿದರು.

"ಸಿಗಂಗಿಲ್ರಿ ಅಕ್ಕೋರ."

"ಯಾಕ, ಇತ್ತಾಗ ಬರಾಕ ಅದಕ್ಕ ಬಸ್ ಇದ್ದಿಲ್ಲೇನು?"

ಪ್ರಶ್ನೆ ತಮಾಷೆಯದಾದರೂ ಉತ್ತರ ಗಂಭೀರವಾದದ್ದು. ನಮ್ಮ ಕಡೆಯ ಗುಡ್ಡಗಳು ಗ್ರಾನೈಟ್. ಭೂಮಿಯ ಹೊಟ್ಟೆಯಲ್ಲಿ ಕುದಿದು ಆರಿದ ಕಲ್ಲು, ಎಲುಬಿರುವ ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದಿನದು. ಪಳೆಯುಳಿಕೆ ಬೇಕೆಂದರೆ ಕೆಸರು ಬೇಕು. ಪ್ರಾಣಿ ಸತ್ತ ಕೂಡಲೇ ಹೊಳೆಯ ಹೂಳೋ ಕೆರೆಯ ರಾಡಿಯೋ ಅದನ್ನು ಮುಚ್ಚಬೇಕು, ತಡವಾದರೆ ಉಳಿದ ಪ್ರಾಣಿಗಳು ತಿಂದು ಮುಗಿಸುತ್ತವೆ. ಮುಚ್ಚಿದ ಮೇಲೆ ಮಾಂಸ ಕೊಳೆಯುತ್ತದೆ, ಎಲುಬು ಉಳಿಯುತ್ತದೆ. ಮೇಲೆ ಪದರದ ಮೇಲೆ ಪದರ ಕೂರುತ್ತದೆ. ನೆಲದೊಳಗಿನ ನೀರು ಎಲುಬಿನ ಸಣ್ಣ ಸಣ್ಣ ತೂತುಗಳಿಗೆ ಇಳಿದು, ತಾನು ಹೊತ್ತು ತಂದ ಖನಿಜವನ್ನು ಅಲ್ಲಿ ಬಿಟ್ಟುಹೋಗುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಎಲುಬಿದ್ದಲ್ಲಿ ಕಲ್ಲು. ಕೆಲವು ಸಲ ಎಲುಬೇ ಕರಗಿಹೋಗಿ ಅದರ ಆಕಾರದ ಪೊಳ್ಳು ಉಳಿಯುತ್ತದೆ, ಅದು ಅಚ್ಚು. ಗುಜರಾತಿನಲ್ಲಿ, ನರ್ಮದೆಯ ಕಣಿವೆಯಲ್ಲಿ ಅಂಥ ಪದರಗಳಿವೆ, ಅಲ್ಲಿ ಡೈನೋಸಾರ್ ತತ್ತಿಗಳೂ ಸಿಕ್ಕಿವೆ. ಸಿಕ್ಕದ್ದನ್ನು ಓದಲು ಬರಬೇಕು. ಹಲ್ಲು ಚೂಪಾಗಿದ್ದರೆ ಮಾಂಸ ತಿನ್ನುತ್ತಿತ್ತು, ಮೊಂಡಾಗಿದ್ದರೆ ಸೊಪ್ಪು. ಹೆಜ್ಜೆಗಳ ನಡುವೆ ಅಂತರ ಹೆಚ್ಚಿದ್ದರೆ ಓಡುತ್ತಿತ್ತು. ಹೆಜ್ಜೆ ಸಾಲಿನ ನಡುವೆ ಬಾಲ ಎಳೆದ ಗೀರು ಕಾಣದಿದ್ದರೆ ಬಾಲ ಎತ್ತಿಕೊಂಡು ನಡೆಯುತ್ತಿತ್ತು.

ಇಷ್ಟು ಹೇಳಿ ಬಕೆಟ್ಟು ತೆಗೆದೆ. ಅಲ್ಲಿಂದ ಕೆಟ್ಟಿತು.

ಗಂಗಾವತಿಯಲ್ಲಿ ಎರಡು ಸಲ ತಾಲೀಮು ಮಾಡಿದ್ದೆ. ಕಾಲುವೆಯ ಸಿಹಿನೀರಿನಲ್ಲಿ ಕಲಸಿದ ಪ್ಲಾಸ್ಟರ್ ಇಪ್ಪತ್ತು ನಿಮಿಷವಾದರೂ ಮಜ್ಜಿಗೆಯ ಹಾಗೆ, ಆಮೇಲೆ ಮೊಸರಿನ ಹಾಗೆ ಇರುತ್ತಿತ್ತು. ಎಣ್ಣೆ ಸವರಿದ ಮೂರು ಬೆರಳು ಅದ್ದಿ, ಮೊಸರಿನ ಹಂತದಲ್ಲಿ ತೆಗೆದರೆ ಚಂದದ ಮೂರು ಬೆರಳಿನ ಹೆಜ್ಜೆ. ಕುಷ್ಟಗಿ ಕಡೆ ಕಾಲುವೆ ಎಲ್ಲಿಂದ ಬರಬೇಕು? ಅಲ್ಲಿನದು ಬೋರಿನ ಸವುಳು ನೀರು, ಅದೂ ಮಾಳಿಗೆಯ ಮೇಲಿನ ಕರಿ ಟಾಕಿಯಲ್ಲಿ ಕಾದದ್ದು. ಉಪ್ಪು ಇದ್ದರೆ ಪ್ಲಾಸ್ಟರ್ ಬೇಗ ಗಟ್ಟಿಯಾಗುತ್ತದೆ, ನೀರು ಬಿಸಿಯಿದ್ದರೆ ಇನ್ನೂ ಬೇಗ. ಸಾಲದ್ದಕ್ಕೆ ಬಕೆಟ್ಟಿನ ತಳದಲ್ಲಿ ಹಿಂದಿನ ಸಲದ ಒಣ ಚೂರುಗಳು ಅಂಟಿದ್ದವು. ಹಾಲಿಗೆ ಹೆಪ್ಪು ಬಿದ್ದ ಹಾಗೆ ಅವೂ ತಮ್ಮ ಕೆಲಸ ಮಾಡುತ್ತವೆ. ಈ ಮೂರೂ ನನಗೆ ಗೊತ್ತಿದ್ದವು. ಗೊತ್ತಿದ್ದದ್ದು ಸಮಯಕ್ಕೆ ನೆನಪಾಗಬೇಕಲ್ಲ.

ಬಲಗೈಯನ್ನೇ ಡೈನೋಸಾರ್ ಮಾಡಿದೆ. ಮುಷ್ಟಿಯಲ್ಲಿ ಒಂದು ಕೋಳಿ ಎಲುಬು ಹಿಡಿದಿದ್ದೆ, ತಳದಲ್ಲಿ ಬಿಟ್ಟು ಆಮೇಲೆ ಅದನ್ನು ಪಳೆಯುಳಿಕೆಯಾಗಿ ಅಗೆದು ತೋರಿಸುವ ಯೋಜನೆ. ಡೈನೋಸಾರ್ ಕೆರೆಗೆ ಬಂತು, ನೀರು ಕುಡಿಯಿತು, ಕೆಸರಿನಲ್ಲಿ ಕಾಲಿಟ್ಟಿತು. ಮಣಿಕಟ್ಟಿನವರೆಗೆ ಇಳಿಸಿ ಎಲುಬು ಬಿಟ್ಟೆ. ಅಲ್ಲಿಗೆ ಕೈ ತೆಗೆದಿದ್ದರೆ ಈ ಬರಹ ಇರುತ್ತಿರಲಿಲ್ಲ. ಆದರೆ ಜನ ನಗುತ್ತಿದ್ದರು. ನಗುವ ಜನರ ಮುಂದೆ ಬೇಗ ಸಾಯುವ ಜಾತಿ ನನ್ನದಲ್ಲ. ಡೈನೋಸಾರ್ ನರಳಿತು, ಅವ್ವನನ್ನು ಕರೆಯಿತು, ಕಂಡಕ್ಟರನ ಧ್ವನಿಯಲ್ಲಿ "ಹಿಂದ ಸರೀರಿ, ಹಿಂದ ಸರೀರಿ" ಎಂದಿತು, ಕೆಮ್ಮುವ ಸಾಹೇಬರ ಧ್ವನಿಯಲ್ಲಿ ರಜೆ ಕೇಳಿತು. ಬೆರಳುಗಳನ್ನು ಉಗುರಿನಂತೆ ಮಡಚಿ ಕೆಸರನ್ನು ಪರಚಿತು. ಪ್ಲಾಸ್ಟರ್ ಗಟ್ಟಿಯಾದದ್ದು ಆ ಮಡಚಿದ ಬೆರಳಿನ ಸುತ್ತ.

ಮೊದಲು ಬೆಚ್ಚಗಾಯಿತು. ಆ ಪುಡಿ ಎಂದರೆ ಸುಟ್ಟು ನೀರು ಕಳೆದ ಜಿಪ್ಸಂ. ಮತ್ತೆ ನೀರು ಸಿಕ್ಕರೆ ಕಳೆದುಕೊಂಡದ್ದನ್ನು ಕುಡಿದು ಕಲ್ಲಾಗುತ್ತದೆ, ಕಲ್ಲಾಗುವಾಗ ಕಾಯುತ್ತದೆ. ತೆಳ್ಳಗೆ ಬಳಿದಿದ್ದರೆ ಆ ಕಾವು ಗಾಳಿಗೆ ಹೋಗುತ್ತದೆ. ಬಕೆಟ್ಟಿನ ಮುದ್ದೆಯಲ್ಲಿ ಹೋಗಲು ದಾರಿಯಿಲ್ಲ, ನಡುವೆ ಇದ್ದದ್ದನ್ನು ಬೇಯಿಸುತ್ತದೆ. ನಡುವೆ ಇದ್ದದ್ದು ನಾನು.

"ಕೈ ಬರವಲ್ದು" ಎಂದೆ.

ಚಪ್ಪಾಳೆ ಬಿತ್ತು.

"ಖರೇನ ಬರವಲ್ದ್ರಿ."

"ಭಾಳ ಸಹಜ ಮಾಡ್ತಾನ್ರಿ ಹುಡುಗ" ಎಂದು ಊರಿನ ಹೆಡ್‌ಮಾಸ್ತರು ಪಕ್ಕದವರಿಗೆ ಹೇಳಿದರು. ಡೆಸ್ಕಿನ ಕೆಳಗಿದ್ದ ಮೊಬೈಲುಗಳು ಮೇಲೆ ಬಂದು ವಿಡಿಯೋ ತೆಗೆಯತೊಡಗಿದವು. ನಾನು ನನ್ನದೇ ಧ್ವನಿಯಲ್ಲಿ ಕೂಗಿದೆ. ಬೆಳಿಗ್ಗೆ ಆ ಧ್ವನಿಯನ್ನೂ ನಾನೇ ಅಣಕಿಸಿ ತೋರಿಸಿದ್ದೆನಲ್ಲ, ಅದಕ್ಕೂ ನಕ್ಕರು. ಇಷ್ಟು ವರ್ಷ ಎಲ್ಲರ ಧ್ವನಿ ಕದ್ದವನಿಗೆ, ಬೇಕಾದಾಗ ಸ್ವಂತದ್ದು ಒಂದು ಉಳಿದಿರಲಿಲ್ಲ.

ಅಕ್ಕೋರು ಎದ್ದು ಬಂದರು. ನನ್ನ ಹಣೆಗೆ ಬೆರಳು ಹಚ್ಚಿ ನೋಡಿದರು. "ಬೆವರು ಮಿಮಿಕ್ರಿ ಮಾಡಾಕ ಬರಂಗಿಲ್ಲ" ಎಂದು ಹಿಂದಿರುಗಿ ಹೇಳಿದರು. "ಏ, ಫೋನ್ ಒಳಗ ಇಡ್ರಿ. ಇವನ ಕೈ ಖರೇನ ಸಿಕ್ಕೈತಿ."

ಆಮೇಲೆ ಎಲ್ಲರೂ ಒಟ್ಟಿಗೆ ಬುದ್ಧಿವಂತರಾದರು. ಇಬ್ಬರು ನನ್ನ ಭುಜ ಹಿಡಿದರು, ಇಬ್ಬರು ಬಕೆಟ್ಟು ಹಿಡಿದರು, ಹಗ್ಗ ಜಗ್ಗುವ ಆಟ ನಡೆಯಿತು. ಮಣಿಕಟ್ಟಿನ ಚರ್ಮ ಸುಲಿಯಿತೇ ಹೊರತು ಕೈ ಕೂದಲೆಳೆಯಷ್ಟೂ ಸರಿಯಲಿಲ್ಲ. ಮಡಚಿದ ಬೆರಳುಗಳು ಒಳಗೆ ಕೊಕ್ಕೆಯಂತೆ ಕೂತಿದ್ದವು. ಒಬ್ಬರು ಒಂದು ಕೊಡ ನೀರು ಸುರಿದರು, ಕರಗೀತು ಎಂಬ ಆಸೆಗೆ. ಒಮ್ಮೆ ಕಲ್ಲಾದ ಪ್ಲಾಸ್ಟರ್ ನೀರಿಗೆ ಕರಗುವುದಿಲ್ಲ ಎಂದು ಅವರಿಗೆ ಬೆಳಿಗ್ಗೆ ನಾನೇ ಹೇಳಿದ್ದೆ, ಆಗ ಅವರು ಮೊಬೈಲ್ ನೋಡುತ್ತಿದ್ದರು. ಹೆಡ್‌ಮಾಸ್ತರು ಆಂಬುಲೆನ್ಸಿಗೆ ಫೋನ್ ಮಾಡಿದರು. ಹತ್ತಿರದ ಗಾಡಿ ಹೆರಿಗೆ ಕೇಸು ಕರೆದುಕೊಂಡು ಕೊಪ್ಪಳಕ್ಕೆ ಹೋಗಿತ್ತು. ಇನ್ನೊಂದು ಬರುತ್ತದೆ, ಎಷ್ಟೊತ್ತಿಗೆ ಎಂದು ಹೇಳಲಾಗದು, ಅಲ್ಲಿಯವರೆಗೆ ಎಳೆಯಬೇಡಿ, ಹೊರಗಿನಿಂದ ತಂಪು ಮಾಡಿ ಎಂದು ಫೋನಿನ ಆ ಕಡೆಯವರು ಹೇಳಿದರು. ತರಬೇತಿಗೆ ಬಂದವರಲ್ಲಿ ಕಾರಿದ್ದವರು ಒಬ್ಬರೇ. ಅವರು ಎಲ್ಲರಿಗೂ ಊಟ ತರಲು ಕುಷ್ಟಗಿಗೆ ಹೋಗಿದ್ದರು. ಉಳಿದವು ಬೈಕುಗಳು. ಬಕೆಟ್ಟು ತೊಟ್ಟವನನ್ನು ಬೈಕಿನಲ್ಲಿ ಕೂರಿಸುವುದು ಹೇಗೆ?

ಪ್ರಯೋಗಾಲಯದ ಗರಗಸದ ಬ್ಲೇಡಿನಿಂದ ಬಕೆಟ್ಟನ್ನು ಸೀಳಿ ತೆಗೆದರು. ಕೈ ತುದಿಯಲ್ಲಿ ಕುಂಬಳಕಾಯಿ ಗಾತ್ರದ ಬಿಳಿ ಗುಂಡು ಉಳಿಯಿತು. ಅದನ್ನು ಡೆಸ್ಕಿನ ಮೇಲಿಟ್ಟು ಸುತ್ತ ಒದ್ದೆ ಗೋಣಿತಟ್ಟು ಹೊದಿಸಿದರು. ಡೈನೋಸಾರ್ ಎಲುಬು ಅಗೆಯುವವರು ಕೂಡ ಹೀಗೆಯೇ ಮಾಡುತ್ತಾರೆ, ಗೋಣಿತಟ್ಟು ಮತ್ತು ಪ್ಲಾಸ್ಟರ್ ಸುತ್ತಿ ಎಲುಬನ್ನು ಮುರಿಯದಂತೆ ಸಾಗಿಸುತ್ತಾರೆ. ಎಲುಬಿಗೆ ಅದರಿಂದ ತೊಂದರೆಯಿಲ್ಲ, ಅದು ಸತ್ತಿರುತ್ತದೆ. ನನಗೆ ಒಳಗಿನ ಕಾವು ಏರುತ್ತಲೇ ಇತ್ತು. ಬಿಸಿ ಚಹಾದಲ್ಲಿ ಬೆರಳಿಟ್ಟಂತೆ ಇದ್ದದ್ದು ಈಗ ಹಂಚಿನ ಮೇಲೆ ಇಟ್ಟಂತೆ ಆಗಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ಎಲ್ಲಿವೆ ಎಂದೇ ತಿಳಿಯಲಿಲ್ಲ. ಸುಡುವುದು ನಿಂತರೆ ಸಮಾಧಾನವಾಗಬೇಕು. ನಿಂತದ್ದೇ ನನಗೆ ಹೆದರಿಕೆ ತಂದಿತು.

ಹೆಡ್‌ಮಾಸ್ತರು ಎಲ್ಲಿಂದಲೋ ದೊಡ್ಡ ಸುತ್ತಿಗೆ ತಂದರು. "ಒಂದ ಏಟು. ಕಣ್ಣು ಮುಚ್ಚಿಕೋ ತಮ್ಮಾ."

ಏಟು ಬಿತ್ತು. ಗುಂಡಿನ ಮೇಲೆ ಒಂದು ಬಿಳಿ ಕಲೆ ಮೂಡಿತು, ಅಷ್ಟೇ. ನೋವು ಮಾತ್ರ ಮೊಣಕೈಗೆ ಹೋಗಿ ತಿರುಗಿ ಬಂತು. ಎರಡನೆಯ ಏಟಿಗೆ ಅವರು ಕೈ ಎತ್ತಿದಾಗ ಬಾಗಿಲಲ್ಲಿ ಟಕ್ ಟಕ್‌ನ ಒಡತಿ ನಿಂತಿದ್ದಳು. ಹೊರಗಿನ ಸದ್ದು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಹುಬ್ಬಿನ ಮೇಲೆಲ್ಲ ಕಲ್ಲಿನ ಹಿಟ್ಟು.

"ಹಂಗ ಬಡೀಬ್ಯಾಡ್ರಿ ಸರ. ಒಳಗಿಂದು ಮೊದಲ ಒಡೀತೈತಿ, ಹೊರಗಿಂದು ಆಮ್ಯಾಲ."

"ಆಂಬುಲೆನ್ಸ್ ಬರಾಕತ್ತೈತಿ ತಡಿಯವಾ" ಎಂದರು ಹೆಡ್‌ಮಾಸ್ತರು. ಸುತ್ತಿಗೆ ಇಳಿಸಿದರು.

ಅವಳು ನೇರ ನನ್ನ ಹತ್ತಿರ ಬಂದಳು. "ಸುಡಾಕತ್ತೈತೇನು ತಮ್ಮಾ?"

"ಹೂಂ ಯಕ್ಕಾ."

"ಬೆರಳು ಎಲ್ಲಾ ಗೊತ್ತಾಗ್ತಾವೇನು?"

"ಎರಡು ಗೊತ್ತಾಗವಲ್ವು."

ಗೋಣಿತಟ್ಟು ಸರಿಸಿ, ಉಗುರಿನಿಂದ ಗುಂಡನ್ನು ಕೆರೆದು ನೋಡಿದಳು. ಉಗುರಿನ ಕೆಳಗೆ ಒದ್ದೆ ಬಿಳಿ ಪುಡಿ ಬಂತು. "ಇದು ಕಲ್ಲಲ್ಲ, ಬೆಲ್ಲ ಇದ್ದಂಗ ಐತಿ. ಇನ್ನೂ ಹಸಿ ಐತಿ. ಒಣಗಿದ್ರ ಬಿರುಸು ಆಗತೈತಿ. ಈಗ ಕಟೀಬಹುದು."

"ಹೆಚ್ಚುಕಮ್ಮಿ ಆದ್ರ ಜವಾಬ್ದಾರಿ ಯಾರು?" ಎಂದು ಹೆಡ್‌ಮಾಸ್ತರು ಎಲ್ಲರನ್ನೂ ನೋಡಿದರು. ಆಗ ಮಾಸ್ತರರಲ್ಲಿ ಕೆಲವರಿಗೆ ಕಿಟಕಿಯ ಹೊರಗೆ ಏನೋ ಕಂಡಿತು, ಕೆಲವರು ಊಟದ ಕಾರು ಬಂತೇ ಎಂದು ನೋಡಲು ಹೋದರು.

ನಿರ್ಧಾರ ನನ್ನದೇ ಆಯಿತು. ಕಾದರೆ ಗಾಡಿ ಬರುವ ಹೊತ್ತಿಗೆ ಬೆರಳು ಬೇಯಬಹುದು. ಇವಳ ಕೈಗೆ ಕೊಟ್ಟರೆ ಚಾಣದ ಒಂದು ತಪ್ಪು ಏಟಿಗೆ ಬೆರಳು ಹೋಗಬಹುದು. ಚಾಣ ಎಂದರೆ ಅವಳ ಉಕ್ಕಿನ ಉಳಿ, ಗ್ರಾನೈಟನ್ನು ಚುಚ್ಚಿ ಚುಚ್ಚಿ ಅದರ ಮೊನೆ ಹೊಳೆಯುತ್ತಿತ್ತು. ಕೈ ಹೊರಗೆ ಬಂದ ಮೇಲೆ ಅದು ಯಾವ ಸ್ಥಿತಿಯಲ್ಲಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಆದರೆ ಅಲ್ಲಿದ್ದವರಲ್ಲಿ ಗುಂಡನ್ನು ಮುಟ್ಟಿ ನೋಡಿದವಳು ಅವಳೊಬ್ಬಳೇ.

"ನನ್ನ ಕೈ ಸರ, ನಾನ ಹೇಳ್ತೀನಿ. ಯಕ್ಕಾ, ನೀ ಕಟಿ."

"ಒಂದ ಮಾತು. ಬಾಯಿ ಮುಚ್ಚಿಕೊಂಡು ಕುಂದ್ರಬೇಕು. ಮುಂಜಾನಿಂದ ಕೇಳೀನಿ, ನಿನ್ನ ಬಾಯಿ ನಿಂದರಂಗಿಲ್ಲ. ನನಗ ಒಳಗಿನ ಸಪ್ಪಳ ಕೇಳಿಸಬೇಕು."

ಕೈ ಮುದ್ದೆಯಲ್ಲಿ ಸಿಕ್ಕಿಬಿದ್ದವನಿಗೆ ಬಾಯಿಯೊಂದೇ ಬಿಡುವಾಗಿತ್ತು, ಅದನ್ನೂ ಕಟ್ಟಿದಳು.

ಮೊದಲು ನನ್ನ ಎಡಗೈ ಕೇಳಿದಳು. ಒಳಗೆ ಬಲಗೈ ಹೇಗಿದೆಯೋ ಹಾಗೆಯೇ ಎಡಗೈಯನ್ನು ಮಡಚಿ ತೋರಿಸು ಎಂದಳು. ತೋರಿಸಿದೆ. ಅದನ್ನು ಮುಂದಿಟ್ಟುಕೊಂಡು, ಒಲೆಯಿಂದ ತರಿಸಿದ ಇದ್ದಿಲಿನಿಂದ ಗುಂಡಿನ ಮೇಲೆ ಒಳಗಿನ ಕೈಯನ್ನು ಬರೆದಳು. ಆಮೇಲೆ ಚಾಣದ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತ ಹೋದಳು. ದಪ್ಪ ಇದ್ದಲ್ಲಿ ಸದ್ದು ಒಂದು ಬಗೆ, ಒಳಗೆ ಕೈ ಹತ್ತಿರ ಇದ್ದಲ್ಲಿ ಇನ್ನೊಂದು ಬಗೆ. ಧ್ವನಿಯಲ್ಲಿ ಅನ್ನ ತಿನ್ನುವವನು ನಾನು, ಆ ಎರಡು ಸದ್ದಿನ ವ್ಯತ್ಯಾಸ ಹಿಡಿಯಲು ನನಗೆ ಐದಾರು ಏಟು ಬೇಕಾದವು. ಅವಳಿಗೆ ಒಂದೇ ಸಾಕಿತ್ತು. ಸದ್ದು ಬದಲಾದಲ್ಲೆಲ್ಲ ಇದ್ದಿಲ ಗೆರೆಯನ್ನು ಅಳಿಸಿ ತಿದ್ದಿದಳು. ಹೆಬ್ಬೆರಳನ್ನು ಎರಡು ಸಲ ಜರುಗಿಸಿದಳು. ಎಡಗೈಯಲ್ಲಿ ನಾನು ತೋರಿಸಿದ್ದು ತಪ್ಪಾಗಿತ್ತು, ಅವಳು ತಟ್ಟಿ ಕಂಡುಕೊಂಡದ್ದು ಸರಿಯಾಗಿತ್ತು.

ಕಲ್ಲು ಸೀಳುವವರು ಮಾಡುವಂತೆ ಗುಂಡಿನ ಸುತ್ತ, ಅಂಗೈಗೂ ಹಿಂಗೈಗೂ ನಡುವೆ ಬರುವ ಹಾಗೆ, ಸಾಲಾಗಿ ಸಣ್ಣ ಸಣ್ಣ ಗುಳಿ ತೋಡಿದಳು. ಸುತ್ತಿಗೆ ಬಳಸಲಿಲ್ಲ. ಚಾಣವನ್ನು ಅಂಗೈಯಿಂದ ಒತ್ತಿ ತಿರುಗಿಸುತ್ತಿದ್ದಳು. ಕೈಯಿಂದ ದೂರವಿದ್ದ ತಳದಿಂದ ಸುರುಮಾಡಿ, ಗುಳಿಗಳನ್ನು ಸ್ವಲ್ಪ ಸ್ವಲ್ಪ ಆಳ ಮಾಡುತ್ತ ಮೇಲೆ ಬಂದಳು. ಅಕ್ಕೋರು ಕುಡಿಯುವ ನೀರಿನ ಮಡಕೆಯನ್ನೇ ಎತ್ತಿ ತಂದು, ಅವಳು ತೆರೆದ ಗುಳಿಗಳಿಗೆ ಲೋಟದಿಂದ ತಂಪು ನೀರು ಬಿಡುತ್ತಿದ್ದರು. ಮುಚ್ಚಿದ ಬಾಯಿಯ ಹಿಂದೆ ನನ್ನ ಗಂಟಲಲ್ಲಿ ಹತ್ತು ಜನ ಕೂಗುತ್ತಿದ್ದರು.

ಅರ್ಧ ದಾರಿಯಲ್ಲಿ ಚಾಣ ಯಾವುದಕ್ಕೋ ತಾಗಿ ನಿಂತಿತು. ಅವಳು ಮೊನೆಯನ್ನು ನಿಧಾನಕ್ಕೆ ಎತ್ತಿದಳು. ಅದರ ಜೊತೆಗೆ ಬಿಳಿ ಎಲುಬಿನ ಚೂರೊಂದು ಬಂತು.

ಹೆಡ್‌ಮಾಸ್ತರು ಗೋಡೆ ಹಿಡಿದು ಕೆಳಗೆ ಕೂತರು. ನನಗೆ ಗೊತ್ತಾಗದ ಆ ಎರಡು ಬೆರಳು ನೆನಪಾದವು. ನೋವೇ ಇಲ್ಲವಲ್ಲ, ಕತ್ತರಿಸಿದರೂ ತಿಳಿದಿರಲಿಕ್ಕಿಲ್ಲ. ಮಾತಾಡಬಾರದು ಎಂದಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ಚೂರನ್ನು ಬೆರಳಲ್ಲಿ ತಿರುಗಿಸಿ, ಬೆಳಕಿಗೆ ಹಿಡಿದು, ಮೂಗಿಗೆ ಹಿಡಿದಳು.

"ಮಸಾಲಿ ವಾಸನಿ ಐತಿ" ಎಂದಳು. "ಕೋಳಿ."

ಮಡಕೆ ಹಿಡಿದಿದ್ದ ಅಕ್ಕೋರು ನಗಲು ಹೋಗಿ ಅತ್ತರು. ನಾನೇ ಬಿಟ್ಟಿದ್ದ ಎಲುಬನ್ನು ನಾನೇ ಮರೆತಿದ್ದೆ.

ಮತ್ತೆ ಕಟೆಯುವುದು ಸುರುವಾಯಿತು. ಕೊನೆಗೆ ಗುಳಿಗಳ ಸಾಲಿನಲ್ಲಿ ಚಪ್ಪಟೆ ಕಬ್ಬಿಣದ ತುಂಡೊಂದನ್ನು ಇಟ್ಟು ಒಮ್ಮೆ ತಿರುಗಿಸಿದಳು. ಒಳಗೆ ಎಲ್ಲೋ ಒಣ ಕಡ್ಡಿ ಮುರಿದಂಥ ಸದ್ದು. ಇನ್ನೊಂದು ಕಡೆ ಇಟ್ಟು ತಿರುಗಿಸಿದಳು. ಹಿಂಗೈ ಮೇಲಿನ ಅರ್ಧ ಗುಂಡು ಮುಚ್ಚಳದ ಹಾಗೆ ಎದ್ದಿತು, ನನ್ನ ಕೈ ಮೇಲಿನ ಕೂದಲನ್ನೆಲ್ಲ ಜೊತೆಗೆ ಕಿತ್ತುಕೊಂಡು. ಹೊರಗಿನ ಗಾಳಿ ಕೈಗೆ ತಾಗಿತು. ಕೈ ಕುದಿಸಿದ ಗೆಣಸಿನ ಬಣ್ಣದಲ್ಲಿತ್ತು, ಎರಡು ಗೆಣ್ಣುಗಳ ಮೇಲೆ ಬೊಬ್ಬೆ ಎದ್ದಿದ್ದವು. ಬೆರಳುಗಳನ್ನು ಒಂದೊಂದಾಗಿ ಅವಳೇ ಬಿಡಿಸಿದಳು, ಕಿರುಬೆರಳಿನಿಂದ. ಐದೂ ಇದ್ದವು. ನಾನು ಎಣಿಸಿದೆ, ಅಕ್ಕೋರು ಎಣಿಸಿದರು, ಹೆಡ್‌ಮಾಸ್ತರು ಕೂತಲ್ಲಿಂದಲೇ ಎಣಿಸಿದರು.

ಆಂಬುಲೆನ್ಸೂ ಊಟದ ಕಾರೂ ಒಟ್ಟಿಗೆ ಬಂದವು. ಆಸ್ಪತ್ರೆಯಲ್ಲಿ ಡಾಕ್ಟರು ಗೆಣ್ಣಿನ ಸುಟ್ಟಗಾಯ ಆಳವಾಗಿದೆ, ಇನ್ನೂ ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಆ ಎರಡು ಬೆರಳಿನ ಮಾತು ಬೇರೆಯಾಗುತ್ತಿತ್ತು ಎಂದರು. ಕೆಲವು ದಿನ ಅವುಗಳಲ್ಲಿ ಇರುವೆ ಹರಿದಂತೆ ಆಗಿ, ಆಮೇಲೆ ಸ್ಪರ್ಶ ಮರಳಿತು. ಆ ದಿನಗಳಲ್ಲಿ ಎಡಗೈಯಲ್ಲಿ ಉಣ್ಣುತ್ತ, ಬೋರಿನ ನೀರಿನ ಮೇಲೆ ಎಲ್ಲರಿಗೂ ಭಾಷಣ ಮಾಡಿದೆ.

ಬ್ಯಾಂಡೇಜು ಕಟ್ಟಿಕೊಂಡೇ ಮುಂದಿನ ವಾರ ಸಾಮಾನು ತರಲು ಆ ಶಾಲೆಗೆ ಹೋದೆ. ಸ್ಟಾಫ್‌ರೂಮಿನ ಮೇಜಿನ ಮೇಲೆ ಗುಂಡಿನ ಎರಡೂ ಅರ್ಧಗಳನ್ನು ಹೆಡ್‌ಮಾಸ್ತರು ಒಣಗಿಸಿ ಇಟ್ಟಿದ್ದರು. ಒಂದರಲ್ಲಿ ಹಿಂಗೈಯ ಅಚ್ಚು, ನನ್ನ ಕೂದಲ ಸಮೇತ. ಇನ್ನೊಂದರಲ್ಲಿ ಅಂಗೈಯ ಅಚ್ಚು, ರೇಖೆ ರೇಖೆಯೂ ಸ್ಪಷ್ಟ. ಇಷ್ಟು ಒಳ್ಳೆಯ ಅಚ್ಚನ್ನು ನಾನು ಎಣ್ಣೆ ಸವರಿ ಎಂದೂ ತೆಗೆದಿರಲಿಲ್ಲ. ಕಲ್ಲಿನ ಅಕ್ಕ ಅರ್ಧಕ್ಕೆ ಬಿಟ್ಟಿದ್ದ ಒರಳು ಮುಗಿಸಲು ಬಂದಿದ್ದಳು, ಹೆಡ್‌ಮಾಸ್ತರು ಅವಳನ್ನೂ ಚಹಾಕ್ಕೆ ಕರೆದು ಕೂರಿಸಿದ್ದರು.

"ಇದನ್ನ ಲ್ಯಾಬಿನಾಗ ಇಡೋಣಂತ" ಎಂದರು ಅವರು, ಒಂದು ಬಿಳಿ ಚೀಟಿ ಮತ್ತು ಪೆನ್ನು ಹಿಡಿದು. "ಕೆಳಗ ಏನ ಬರೀಲಿ?"

ನನಗೆ ಅಷ್ಟೇ ಸಾಕಾಗಿತ್ತು. ಸಾಹೇಬರ ಕೆಮ್ಮು ಕೆಮ್ಮಿ ಹೇಳತೊಡಗಿದೆ: "ಬರಕೋರ್ರಿ. ಸಂಪನ್ಮೂಲ ವ್ಯಕ್ತಿಗಳು ಶಿಕ್ಷಕರ ಅನುಕೂಲಕ್ಕಾಗಿ, ಮೊದಲೇ ಯೋಚಿಸಿ, ತಮ್ಮ ಬಲಗೈಯನ್ನು ಸ್ವಂತ ಇಚ್ಛೆಯಿಂದ—"

"ಮೊದಲ ಯೋಚಿಸಿದ್ದೇನು?" ಎಂದರು ಹೆಡ್‌ಮಾಸ್ತರು.

"ಅಚ್ಚು ಹೆಂಗ ಆಗತೈತಿ ಅಂತ ತೋರಿಸಬೇಕಿತ್ತು, ತೋರಿಸೀನಿ. ಕೈ ಸಿಕ್ಕಿಬಿದ್ದದ್ದು ಅಂತ ಯಾಕ ತಿಳಕೋತೀರಿ? ನಾನಾಗೇ ಇಳಿಸಿದ್ದು ಅಂತ ತಿಳಕೋರಿ."

"ಅದು ಇರ್ಲಿ. ಗುರುತು ನೋಡಿ ಪ್ರಾಣಿ ಹೆಂಗ ಬದುಕಿತ್ತು ಅಂತ ಓದಬೇಕು ಅಂದಿದ್ರಿ ನೀವ. ಅದನ್ನ ಒಂದು ಸಾಲು ಬರೀಬೇಕಲ್ಲ."

"ಧೈರ್ಯದ ಪ್ರಾಣಿ ಅಂತ ಬರೀರಿ. ಕಷ್ಟಜೀವಿ ಅಂತ—"

ಕಲ್ಲಿನ ಅಕ್ಕ ಚಹಾದ ಬಸಿ ಕೆಳಗಿಟ್ಟಳು. ಮೇಜಿನ ಹತ್ತಿರ ಬಂದು, ಅಂಗೈಯ ಅಚ್ಚಿನೊಳಗೆ ತನ್ನ ತೋರುಬೆರಳು ಆಡಿಸಿದಳು. ಬೆರಳುಗಳ ಬುಡ, ಅಂಗೈಯ ಅಂಚು, ಹೆಬ್ಬೆರಳಿನ ಕೆಳಗೆ, ಎಲ್ಲ ಕಡೆ ನಿಧಾನವಾಗಿ. ಆಮೇಲೆ ನನ್ನನ್ನು ನೋಡದೆ ಹೆಡ್‌ಮಾಸ್ತರಿಗೆ ಹೇಳಿದಳು:

"ಬರಕೋರ್ರಿ ಸರ. ಅಂಗೈಯಾಗ ಎಲ್ಲೂ ಜಡ್ಡುಗಟ್ಟಿಲ್ಲ. ಈ ಪ್ರಾಣಿ ಕೈಲೆ ಏನೂ ಮಾಡಿಲ್ಲ, ಬರೇ ಬಾಯಿಲೆ ಬದುಕೇತಿ."